ಜಿಪಿಎ ಚೆನ್ನಾಗಿದೆ, ಆದರೂ ಏಡ್ ಯಾಕೆ ನಿಂತಿತು?

ಅಮೆರಿಕದಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸಿರುವ ಕನ್ನಡದ ಮನೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಒಂದೇ ಪದ ಮತ್ತೆ ಮತ್ತೆ ಕಂಡಿತು. ಸ್ಯಾಪ್. ‘ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್’ ಎನ್ನುವುದರ ಚಿಕ್ಕ ರೂಪ ಅದು. ಫೆಡರಲ್ ಸರ್ಕಾರದ ಹಣ ಪಡೆದು ಓದುವ ವಿದ್ಯಾರ್ಥಿ ಡಿಗ್ರಿಯ ಕಡೆಗೆ ಸರಿಯಾಗಿ ಸಾಗುತ್ತಿದ್ದಾನೆಯೇ ಎಂದು ಕಾಲೇಜು ಆಗಾಗ ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ಏಡ್, ಅಂದರೆ ಓದಿಗೆ ಸಿಗುವ ಹಣಕಾಸಿನ ನೆರವು ನಿಲ್ಲುತ್ತದೆ. ಪೆಲ್ ಗ್ರ್ಯಾಂಟ್ (ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಸರ್ಕಾರ ಕೊಡುವ, ಸಾಲವಲ್ಲದ ಹಣ), ಸರ್ಕಾರದ ಸಾಲ, ವರ್ಕ್ ಸ್ಟಡಿ (ಓದಿನ ಜೊತೆ ಮಾಡುವ ಕೆಲಸಕ್ಕೆ ಸಿಗುವ ಸಂಬಳ) ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ನಾನು ಒಂದು ಕಮ್ಯುನಿಟಿ ಕಾಲೇಜಿನ ಏಡ್ ಆಫೀಸಿನಲ್ಲಿ 17 ವರ್ಷ ಕೆಲಸ ಮಾಡಿದೆ. ಅದಕ್ಕೂ ಮುಂಚೆ ವಿದ್ಯಾರ್ಥಿಯಾಗಿ ಅಂಥದೇ ಇನ್ನೊಂದು ಆಫೀಸಿನ ಕಿಟಕಿಯ ಈಚೆ ನಿಂತಿದ್ದೆ. ನನಗೂ ಆ ಪತ್ರ ಬಂದಿತ್ತು. ಆ ಕಥೆ ಮುಂದೆ ಹೇಳುತ್ತೇನೆ. ಮೊದಲು ಒಬ್ಬ ತಾಯಿಯ ಪತ್ರ.

ಪ್ರಶ್ನೆ: ಮಗಳು ಎರಡನೇ ವರ್ಷಕ್ಕೆ ಬಂದಿದ್ದಾಳೆ. ಜಿಪಿಎ (ಗ್ರೇಡುಗಳ ಸರಾಸರಿ) 2.5 ಇದೆ. ಆದರೂ ಕಾಲೇಜಿನಿಂದ ‘ಸ್ಯಾಪ್ ವಾರ್ನಿಂಗ್’ ಅಂತ ಇಮೇಲ್ ಬಂದಿದೆ. ಅವಳು ನಮಗೆ ಹೇಳಲೇ ಇಲ್ಲ. ಟೇಬಲ್ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿನಲ್ಲಿ ನಾನೇ ನೋಡಿದೆ. 2.0 ಇದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಇವಳನ್ನು ಕಾಲೇಜಿನಿಂದ ತೆಗೆದುಹಾಕುತ್ತಾರಾ? (ತಾಯಿ, ಟೆಕ್ಸಾಸ್)

ಉತ್ತರ: ತೆಗೆಯುವುದಿಲ್ಲ. ಇದು ಹಣದ ವಿಷಯ, ಸೀಟಿನ ವಿಷಯ ಅಲ್ಲ. ಡೀನ್ ಆಫೀಸಿನವರು ಗ್ರೇಡ್ ಕಡಿಮೆಯಾದಾಗ ಕೊಡುವ ‘ಅಕಾಡೆಮಿಕ್ ಪ್ರೊಬೇಷನ್’ ಎಂಬ ಎಚ್ಚರಿಕೆ ಬೇರೆ, ಏಡ್ ಆಫೀಸಿನ ಸ್ಯಾಪ್ ಬೇರೆ. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಸಿಕ್ಕಿಕೊಳ್ಳುವ ಮಕ್ಕಳು ತುಂಬಾ ಜನ.

ಸ್ಯಾಪ್ ಮೂರು ವಿಷಯ ನೋಡುತ್ತದೆ. ಒಂದು ಜಿಪಿಎ. ಎರಡನೇ ವರ್ಷದ ಕೊನೆಗೆ ‘ಸಿ’ ಸರಾಸರಿ, ಅಂದರೆ ಸಾಮಾನ್ಯವಾಗಿ 2.0 ಇರಬೇಕು. ಇನ್ನೊಂದು ಒಟ್ಟು ಮಿತಿ, ಅದನ್ನು ಬೇರೆ ಪತ್ರಕ್ಕೆ ಉತ್ತರವಾಗಿ ಬರೆಯುತ್ತೇನೆ. ನಿಮ್ಮ ಮಗಳು ಎಡವಿರುವುದು ಉಳಿದ ಒಂದರಲ್ಲಿ. ಅದನ್ನು ಆಫೀಸಿನಲ್ಲಿ ‘ಪೇಸ್’ ಅಂತ ಕರೆಯುತ್ತೇವೆ. ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಎಷ್ಟು ಮುಗಿಸಿದ್ದಾಳೆ ಅನ್ನುವುದು. ಕ್ರೆಡಿಟ್ ಅಂದರೆ ಪ್ರತಿ ಕೋರ್ಸಿಗೂ ಇರುವ ತೂಕ. ಹೆಚ್ಚಿನ ಕಾಲೇಜುಗಳಲ್ಲಿ ಇದು ಶೇಕಡಾ 67 ಇರಬೇಕು.

ನೀವು ಕಳಿಸಿದ ಗ್ರೇಡ್ ಹಾಳೆಯನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಮೊದಲ ಸೆಮಿಸ್ಟರಿನಲ್ಲಿ 16 ಕ್ರೆಡಿಟ್ ತೆಗೆದುಕೊಂಡಳು. 4 ಕ್ರೆಡಿಟ್‌ನ ಕೆಮಿಸ್ಟ್ರಿಯಲ್ಲಿ ‘ಎಫ್’ ಬಂತು. ಉಳಿದ 12 ಮುಗಿಸಿದಳು. ಎರಡನೇ ಸೆಮಿಸ್ಟರಿನಲ್ಲಿ 15 ತೆಗೆದುಕೊಂಡಳು. ಹೆದರಿ ಎರಡು ಕೋರ್ಸಿನಿಂದ ಮಧ್ಯದಲ್ಲೇ ಹೊರಬಂದಳು. ಅವು 7 ಕ್ರೆಡಿಟ್. ಗ್ರೇಡ್ ಹಾಳೆಯಲ್ಲಿ ಅವುಗಳ ಮುಂದೆ ‘ಡಬ್ಲ್ಯೂ’ ಬಿತ್ತು. 8 ಮುಗಿಸಿದಳು. ಒಟ್ಟು ತೆಗೆದುಕೊಂಡದ್ದು 31, ಮುಗಿಸಿದ್ದು 20. ಅಂದರೆ ಶೇಕಡಾ 64.5. ಎರಡೂವರೆ ಪಾಯಿಂಟ್ ಕಡಿಮೆ ಬಿತ್ತು.

‘ಡಬ್ಲ್ಯೂ’ ಜಿಪಿಎಯನ್ನು ಮುಟ್ಟುವುದಿಲ್ಲ. ಹಾಗಾಗಿ ಮಕ್ಕಳು ಅದರಿಂದ ಏನೂ ಆಗಲ್ಲ ಅಂದುಕೊಳ್ಳುತ್ತಾರೆ. ಸ್ನೇಹಿತರೂ ಹಾಗೇ ಹೇಳುತ್ತಾರೆ. ಆದರೆ ಪೇಸ್ ಲೆಕ್ಕದಲ್ಲಿ ‘ಡಬ್ಲ್ಯೂ’ಗೂ ‘ಎಫ್’ಗೂ ವ್ಯತ್ಯಾಸವೇ ಇಲ್ಲ. ಎರಡೂ ತೆಗೆದುಕೊಂಡು ಮುಗಿಸದ ಕ್ರೆಡಿಟ್. ‘ಇನ್‌ಕಂಪ್ಲೀಟ್’ ಅಂತ ಬಾಕಿ ಉಳಿಸಿಕೊಂಡರೂ ಗ್ರೇಡ್ ಬರುವವರೆಗೆ ಸಾಮಾನ್ಯವಾಗಿ ಹಾಗೆಯೇ. ಸೆಮಿಸ್ಟರಿನ ಮೊದಲ ಕೆಲವು ದಿನಗಳಲ್ಲಿ, ಸೇರಿಸುವ-ಬಿಡುವ ಗಡುವಿನ ಒಳಗೆ ಬಿಟ್ಟರೆ ಮಾತ್ರ ಆ ಕೋರ್ಸು ಹಾಳೆಯಲ್ಲೇ ಇರುವುದಿಲ್ಲ.

ಈಗ ಸಮಾಧಾನದ ಮಾತು. ವಾರ್ನಿಂಗ್ ಅಂದರೆ ಏಡ್ ನಿಂತಿಲ್ಲ. ಪ್ರತಿ ಸೆಮಿಸ್ಟರ್ ಲೆಕ್ಕ ನೋಡುವ ಕಾಲೇಜುಗಳು ಒಂದು ಸೆಮಿಸ್ಟರಿನ ಅವಕಾಶ ಕೊಡಬಹುದು. ಅದಕ್ಕೆ ಅರ್ಜಿ, ಅಪೀಲು ಏನೂ ಬೇಡ. ವರ್ಷಕ್ಕೊಮ್ಮೆ ನೋಡುವ ಕಾಲೇಜಾಗಿದ್ದರೆ ಈ ಅವಕಾಶವೂ ಇರುತ್ತಿರಲಿಲ್ಲ, ನೇರವಾಗಿ ಏಡ್ ನಿಲ್ಲುತ್ತಿತ್ತು. ಬರುವ ಸೆಮಿಸ್ಟರಿನಲ್ಲಿ ಅವಳು 15 ತೆಗೆದುಕೊಂಡು ಎಲ್ಲ ಮುಗಿಸಿದರೆ 46ಕ್ಕೆ 35 ಆಗುತ್ತದೆ. ಶೇಕಡಾ 76. ಗಂಡಾಂತರ ಕಳೆಯಿತು. 12 ಮಾತ್ರ ತೆಗೆದುಕೊಂಡು ಎಲ್ಲ ಮುಗಿಸಿದರೂ 43ಕ್ಕೆ 32, ಶೇಕಡಾ 74. ನನ್ನನ್ನು ಕೇಳಿದರೆ 12 ಸಾಕು. ಕಳೆದುಹೋದದ್ದನ್ನು ಒಂದೇ ಸಲ ಹಿಡಿಯಲು 18 ತೆಗೆದುಕೊಂಡು ಮತ್ತೆ ಮುಗ್ಗರಿಸಿದವರನ್ನು ತುಂಬಾ ನೋಡಿದ್ದೇನೆ.

ಇನ್ನೊಂದು ಮಾತು. ಅವಳು ಹೇಳಲಿಲ್ಲ ಅಂತ ಬೈಯಬೇಡಿ. ಪ್ಲಸ್ ಟೂವರೆಗೆ ಒಂದೇ ಒಂದು ‘ಬಿ’ ಕಾಣದ ಹುಡುಗಿ ಅಂತ ನೀವೇ ಬರೆದಿದ್ದೀರಿ. ಅಂಥವಳಿಗೆ ಆ ಇಮೇಲು ಹೇಗೆ ಕಂಡಿರುತ್ತದೆ, ಯೋಚಿಸಿ. ಪಕ್ಕದಲ್ಲಿ ಕೂತು ಈ ಭಾಗಾಕಾರ ಒಟ್ಟಿಗೆ ಮಾಡಿ. 31ಕ್ಕೆ 20 ಅನ್ನುವುದು ಒಂದು ಲೆಕ್ಕ. ಅವಳು ಎಂಥವಳು ಅನ್ನುವ ತೀರ್ಪು ಅಲ್ಲ.

ಪ್ರಶ್ನೆ: ಮಗನ ಏಡ್ ನಿಂತಿದೆ. ಯಾಕೆ ಅಂತ ಕೇಳಲು ಕಾಲೇಜಿಗೆ ಫೋನ್ ಮಾಡಿದೆ. ಫೀಸು ಕಟ್ಟುವವನು ನಾನು. ಆದರೂ ‘ನಿಮಗೆ ಹೇಳುವ ಹಾಗಿಲ್ಲ’ ಅಂದರು. ಇದು ಯಾವ ನ್ಯಾಯ? (ತಂದೆ, ಇಲಿನಾಯ್)

ಉತ್ತರ: ಫೋನ್ ಎತ್ತಿದವರ ಮೇಲೆ ಸಿಟ್ಟಾಗಬೇಡಿ. ಆ ಫೋನನ್ನು ನಾನೂ ಎಷ್ಟೋ ಸಲ ಎತ್ತಿದ್ದೇನೆ. 1974ರಲ್ಲಿ ಬಂದ ಫರ್ಪಾ ಎಂಬ ಕಾಯಿದೆ ಇದೆ. ಹುಡುಗ ಕಾಲೇಜು ಸೇರಿದ ದಿನದಿಂದ ಅವನ ದಾಖಲೆಯ ಹಕ್ಕು ಅವನದು. ಫೀಸು ಯಾರು ಕಟ್ಟುತ್ತಾರೆ ಅನ್ನುವುದು ಅಲ್ಲಿ ಬರುವುದಿಲ್ಲ. ತೆರಿಗೆಯಲ್ಲಿ ನಿಮ್ಮ ಅವಲಂಬಿತ ಅಂತ ತೋರಿಸಿದ್ದರೆ ಕಾಲೇಜು ಹೇಳಬಹುದು. ಆದರೆ ಹೇಳಲೇಬೇಕು ಅಂತ ಇಲ್ಲ. ಹೆಚ್ಚಿನ ಆಫೀಸುಗಳು ಮಗ ಒಪ್ಪಿಗೆ ಕೊಡಲಿ ಅನ್ನುತ್ತವೆ. ಅವನು ಕಾಲೇಜಿನ ಪೋರ್ಟಲಿನಲ್ಲಿ ಒಂದು ಫಾರಂ ತುಂಬಿದರೆ ಮುಗಿಯಿತು. ಬಲವಂತ ಮಾಡದೆ ಕೇಳಿ. ಅವನೇ ಸ್ಪೀಕರ್ ಹಾಕಿ ಮಾತಾಡಿದರೆ ಇನ್ನೂ ಒಳ್ಳೆಯದು. ಅಪೀಲ್ ಬರೆಯಬೇಕಾದವನೂ ಅವನೇ.

ಪ್ರಶ್ನೆ: ನಾನು ಮೂರನೇ ವರ್ಷದ ವಿದ್ಯಾರ್ಥಿನಿ. ಕಳೆದ ಅಕ್ಟೋಬರಿನಲ್ಲಿ ನನ್ನನ್ನು ಸಾಕಿದ ಅಜ್ಜಿ ಊರಿನಲ್ಲಿ ತೀರಿಕೊಂಡರು. ನಾಲ್ಕು ವಾರ ಅಲ್ಲಿದ್ದೆ. ವಾಪಸ್ ಬಂದ ಮೇಲೆ ಓದಲು ಆಗಲಿಲ್ಲ. ನಿದ್ದೆ ಇಲ್ಲ. ಮೂರು ಕೋರ್ಸು ಹೋಯಿತು. ಈಗ ಏಡ್ ನಿಂತಿದೆ. ಅಪೀಲ್ ಮಾಡಬಹುದು ಅಂದರು. ಎರಡು ಸಲ ಬರೆಯಲು ಕೂತು ಎದ್ದೆ. ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಅಜ್ಜಿಯ ಸಾವನ್ನು ಹಣಕ್ಕಾಗಿ ಬಳಸಿಕೊಂಡ ಹಾಗೆ ಅನ್ನಿಸುತ್ತದೆ. (ಹೆಸರು ಬೇಡ, ಕ್ಯಾಲಿಫೋರ್ನಿಯಾ)

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನನ್ನ ಕಥೆ ಹೇಳುತ್ತೇನೆ ಅಂದೆನಲ್ಲ, ಅದನ್ನು ನಿಮಗೇ ಹೇಳಬೇಕು.

ನಾನು ಎರಡನೇ ವರ್ಷದಲ್ಲಿದ್ದಾಗ ಅಪ್ಪನಿಗೆ ಸ್ಟ್ರೋಕ್ ಆಯಿತು. ಹಗಲು ಆಸ್ಪತ್ರೆ, ರಾತ್ರಿ ಅಂಗಡಿಯ ಕೆಲಸ. ಎಲ್ಲ ಕೋರ್ಸು ಕೈಬಿಟ್ಟೆ. ಬೇಸಿಗೆಯಲ್ಲಿ ಒಂದು ಕವರು ಬಂತು. ನಿಮಗೆ ಇನ್ನು ಹಣಕಾಸಿನ ನೆರವು ಇಲ್ಲ ಎಂದು ಮೊದಲ ಪ್ಯಾರಾದಲ್ಲೇ ಇತ್ತು. ಅಲ್ಲಿಗೇ ನಿಲ್ಲಿಸಿ ಮಡಚಿ ಡಬ್ಬಿಯಲ್ಲಿಟ್ಟೆ. ಅಮ್ಮನಿಗೆ ಹೇಳಲಿಲ್ಲ. ಎರಡು ವರ್ಷ ಒಂದೊಂದೇ ಕೋರ್ಸಿಗೆ ಸಂಬಳದಿಂದ ಫೀಸು ಕಟ್ಟಿದೆ. ಎಷ್ಟೋ ವರ್ಷದ ನಂತರ ಮನೆ ಬದಲಾಯಿಸುವಾಗ ಆ ಡಬ್ಬಿ ಸಿಕ್ಕಿತು. ಕಾಗದ ಬಿಚ್ಚಿ ಪೂರ್ತಿ ಓದಿದೆ. ಕೊನೆಯ ಪ್ಯಾರಾದಲ್ಲಿ ಎರಡು ಸಾಲು ಇತ್ತು. ಕುಟುಂಬದಲ್ಲಿ ಕಾಯಿಲೆ, ಸಾವು ಮುಂತಾದ ಕಾರಣ ಇದ್ದರೆ ಅಪೀಲ್ ಮಾಡಬಹುದು ಅಂತ. ಆ ಹೊತ್ತಿಗೆ ನಾನು ಏಡ್ ಆಫೀಸಿನಲ್ಲಿ ಕೂತು ಬೇರೆಯವರ ಅಪೀಲ್ ಓದುತ್ತಿದ್ದೆ. ಅವತ್ತು ತುಂಬಾ ಅತ್ತೆ.

ಹಾಗಾಗಿ ನೀವು ಬರೆಯಲೇಬೇಕು. ಅಜ್ಜಿಯನ್ನು ಬಳಸಿಕೊಳ್ಳುವ ಪ್ರಶ್ನೆ ಇಲ್ಲಿ ಇಲ್ಲ. ಫೆಡರಲ್ ನಿಯಮದಲ್ಲೇ ಅಪೀಲಿಗೆ ಕಾರಣಗಳನ್ನು ಹೆಸರಿಸಿದ್ದಾರೆ. ಸಂಬಂಧಿಕರ ಸಾವು, ವಿದ್ಯಾರ್ಥಿಯ ಕಾಯಿಲೆ ಅಥವಾ ಗಾಯ, ಇಲ್ಲವೇ ಬೇರೆ ವಿಶೇಷ ಸಂದರ್ಭ. ದುಃಖದಲ್ಲಿರುವ ಮನುಷ್ಯನಿಗೆ ಓದಲು ಆಗುವುದಿಲ್ಲ ಅನ್ನುವುದನ್ನು ನಿಯಮ ಬರೆದವರೂ ಒಪ್ಪಿದ್ದಾರೆ ಅಂತ ತಾನೇ ಇದರ ಅರ್ಥ? ‘ಅಜ್ಜಿ ತಾಯಿಯಲ್ಲವಲ್ಲ’ ಅಂತ ಯಾರಾದರೂ ಅಂದಾರು ಅನ್ನುವ ಭಯ ನಿಮಗಿದ್ದರೆ, ಸಾಕಿದವರು ಅವರೇ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಅಪೀಲಿನಲ್ಲಿ ಎರಡು ಪ್ರಶ್ನೆಗೆ ಉತ್ತರ ಇರಬೇಕು. ಏನಾಯಿತು? ಈಗ ಏನು ಬದಲಾಗಿದೆ? ಎರಡನೆಯದನ್ನು ಮರೆತು ಮೊದಲನೆಯದನ್ನೇ ಮೂರು ಪುಟ ಬರೆಯುವವರು ಜಾಸ್ತಿ. ಸಮಿತಿಯವರು ಮೊದಲನೆಯದನ್ನು ಓದಿ ಕರಗುತ್ತಾರೆ, ನಿಜ. ಆದರೆ ಒಪ್ಪಿಗೆ ಕೊಡಲು ಅವರಿಗೆ ಎರಡನೆಯದು ಬೇಕು. ಮುಂದಿನ ಸಲ ಲೆಕ್ಕ ನೋಡುವ ಹೊತ್ತಿಗೆ ಈ ವಿದ್ಯಾರ್ಥಿ ಸರಿಹೋಗುತ್ತಾಳೆಯೇ ಅಂತ ಅವರು ಫೈಲಿನಲ್ಲಿ ಬರೆಯಬೇಕು. ‘ಇನ್ನು ಮುಂದೆ ಕಷ್ಟಪಟ್ಟು ಓದುತ್ತೇನೆ’ ಅನ್ನುವ ಸಾಲು ನೂರಾರು ಪತ್ರಗಳಲ್ಲಿ ಕಂಡಿದ್ದೇನೆ. ಬರೆದವರು ಮನಸ್ಸಿನಿಂದಲೇ ಬರೆದಿರುತ್ತಾರೆ. ಆದರೆ ಅದನ್ನು ಹಿಡಿದು ನಾನು ಏನೂ ಮಾಡಲಾಗುತ್ತಿರಲಿಲ್ಲ. ಒಬ್ಬ ಹುಡುಗ ಬರೆದಿದ್ದ: ವಾರಕ್ಕೆ 30 ಗಂಟೆ ಇದ್ದ ಕೆಲಸವನ್ನು 15ಕ್ಕೆ ಇಳಿಸಿದ್ದೇನೆ, ಮ್ಯಾನೇಜರ ಪತ್ರ ಜೊತೆಗಿದೆ, ಮಂಗಳವಾರ ಮತ್ತು ಗುರುವಾರ ಟ್ಯೂಟರಿಂಗ್ ಸೆಂಟರಿನಲ್ಲಿ ಹೆಸರು ಕೊಟ್ಟಿದ್ದೇನೆ. ಅವನ ಅಪೀಲ್ ಒಪ್ಪಲು ಐದು ನಿಮಿಷ ಸಾಕಾಯಿತು.

ನಿಮ್ಮ ವಿಷಯಕ್ಕೆ ಬರೋಣ. ತಾರೀಖು ಬರೆಯಿರಿ. ಹೋದ ದಿನ, ಬಂದ ದಿನ, ಯಾವ ಪರೀಕ್ಷೆ ತಪ್ಪಿತು. ವಿಮಾನದ ಟಿಕೆಟ್, ಮರಣ ಪ್ರಮಾಣಪತ್ರ ಜೊತೆಗಿಡಿ. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಸೇರಿಸಿ, ಯಾರು ಅನುವಾದ ಮಾಡಿರಬೇಕು ಅನ್ನುವುದನ್ನು ಆಫೀಸಿನಲ್ಲಿ ಕೇಳಿಕೊಳ್ಳಿ. ಆಮೇಲೆ ನಿದ್ದೆ ಬರದ ತಿಂಗಳುಗಳ ಬಗ್ಗೆ. ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ ಅಂತ ನಿಮ್ಮ ಪತ್ರದ ಕೊನೆಯಲ್ಲಿ ಚಿಕ್ಕದಾಗಿ ಬರೆದಿದ್ದೀರಿ. ‘ಏನು ಬದಲಾಗಿದೆ’ ಅನ್ನುವ ಪ್ರಶ್ನೆಗೆ ನಿಮ್ಮ ಉತ್ತರವೇ ಅದು. ಅವರಿಂದ ಒಂದು ಚಿಕ್ಕ ಪತ್ರ ಕೇಳಿ. ಇಂಥ ದಿನದಿಂದ ಬರುತ್ತಿದ್ದಾಳೆ, ಓದಿಗೆ ಮರಳಲು ಸಿದ್ಧಳಿದ್ದಾಳೆ, ಇಷ್ಟಿದ್ದರೆ ಸಾಕು. ಒಳಗೆ ಏನು ಮಾತಾಡಿದಿರಿ ಅನ್ನುವುದು ಸಮಿತಿಗೆ ಬೇಡ.

ಇದರ ಜೊತೆಗೆ ಅಡ್ವೈಸರ್ ಹತ್ತಿರ ಕೂತು ಮುಂದಿನ ಸೆಮಿಸ್ಟರುಗಳ ಕೋರ್ಸ್ ಪಟ್ಟಿ ಮಾಡಿಸಿ. ಒಂದೇ ಸೆಮಿಸ್ಟರಿನಲ್ಲಿ ನಿಮ್ಮ ಪೇಸ್ 67 ಮುಟ್ಟುತ್ತದಾ ನೋಡಿ. ಮುಟ್ಟಿದರೆ ಒಂದು ಸೆಮಿಸ್ಟರ್ ಸ್ಯಾಪ್ ಪ್ರೊಬೇಷನ್, ಅಂದರೆ ಪರೀಕ್ಷಾರ್ಥ ಅವಕಾಶ ಕೊಟ್ಟು ಏಡ್ ಮತ್ತೆ ಕೊಡುತ್ತಾರೆ. ಮುಟ್ಟದಿದ್ದರೂ ದಾರಿ ಇದೆ. ‘ಅಕಾಡೆಮಿಕ್ ಪ್ಲಾನ್’ ಅಂತ ಬರೆದುಕೊಟ್ಟು, ಅದರಂತೆ ನಡೆಯುವವರೆಗೆ ಏಡ್ ಮುಂದುವರಿಸುತ್ತಾರೆ. ಆ ಪ್ಲಾನಿನಲ್ಲಿ ಒಂದೂ ‘ಡಬ್ಲ್ಯೂ’ ಇರಬಾರದು ಅಂತ ಷರತ್ತು ಇರಬಹುದು. ಸಹಿ ಹಾಕುವ ಮುಂಚೆ ಪ್ರತಿ ಸಾಲು ಓದಿ.

ಪ್ರೊಫೆಸರನ್ನು ದೂರಬೇಡಿ, ಅದರಿಂದ ಪತ್ರದ ತೂಕ ಇಳಿಯುತ್ತದೆ. ಒಂದು ಪುಟ ಸಾಕು. ನಿಮ್ಮ ಮಾತಿನಲ್ಲೇ ಇರಲಿ. ಅಣ್ಣನೋ ಕಂಪ್ಯೂಟರೋ ಬರೆದುಕೊಟ್ಟ ಇಂಗ್ಲಿಷು ಬೇಡ. ಗಡುವು ಯಾವತ್ತು ಅಂತ ಇವತ್ತೇ ನೋಡಿ. ಆಗಸ್ಟಿನಲ್ಲಿ ಆಫೀಸಿನ ಮೇಜಿನ ಮೇಲೆ ಅಪೀಲುಗಳ ರಾಶಿ ಇರುತ್ತದೆ. ಜೂನಿನಲ್ಲಿ ಬಂದ ಪತ್ರವನ್ನು ನಾವು ಎರಡು ಸಲ ಓದುತ್ತಿದ್ದೆವು. ಕಾಲೇಜು ಕೊಟ್ಟ ತೀರ್ಮಾನವನ್ನು ಪ್ರಶ್ನಿಸಲು ಮೇಲೆ ಎಜುಕೇಶನ್ ಡಿಪಾರ್ಟ್‌ಮೆಂಟಿಗೆ ಹೋಗುವ ದಾರಿ ಇಲ್ಲ. ಅದಕ್ಕೇ ಮೊದಲ ಪತ್ರವೇ ಪೂರ್ತಿಯಾಗಿರಲಿ.

ಮೂರನೇ ಸಲ ಬರೆಯಲು ಕೂತಾಗ ಮೊದಲ ವಾಕ್ಯ ಇದಾಗಿರಲಿ: ‘ಅಕ್ಟೋಬರಿನಲ್ಲಿ ನನ್ನ ಅಜ್ಜಿ ತೀರಿಕೊಂಡರು. ನನ್ನನ್ನು ಸಾಕಿದವರು ಅವರೇ.’ ಮುಂದಿನದು ತಾನಾಗಿ ಬರುತ್ತದೆ.

ಪ್ರಶ್ನೆ: ಹೋದ ವರ್ಷ ಮಗನನ್ನು ನಮ್ಮ ಸ್ವಂತ ದುಡ್ಡಿನಲ್ಲಿ ಓದಿಸಿದೆವು. ಆಗ ಎರಡು ಕೋರ್ಸಿನಲ್ಲಿ ಫೇಲಾಗಿದ್ದ. ಈ ವರ್ಷ ಮೊದಲ ಸಲ ಫಾಫ್ಸಾ (ಫೆಡರಲ್ ಏಡ್ ಕೇಳುವ ಅರ್ಜಿ) ತುಂಬಿದೆವು. ಸರ್ಕಾರದ ದುಡ್ಡೇ ತಗೊಳ್ಳದ ಆ ವರ್ಷವನ್ನೂ ಸ್ಯಾಪ್ ಲೆಕ್ಕಕ್ಕೆ ಯಾಕೆ ಸೇರಿಸುತ್ತಾರೆ? (ಮಿಷಿಗನ್)

ಉತ್ತರ: ಲೆಕ್ಕಕ್ಕೆ ಬರುತ್ತದೆ. ಏಡ್ ತೆಗೆದುಕೊಂಡ ಸೆಮಿಸ್ಟರ್, ತೆಗೆದುಕೊಳ್ಳದ ಸೆಮಿಸ್ಟರ್, ಬೇಸಿಗೆ ಕೋರ್ಸು ಎಲ್ಲವೂ ಸೇರುತ್ತವೆ. ಬೇರೆ ಕಾಲೇಜಿನಿಂದ ತಂದು ಈ ಡಿಗ್ರಿಗೆ ಒಪ್ಪಿಸಿಕೊಂಡ ಕ್ರೆಡಿಟ್‌ಗಳೂ ಸೇರುತ್ತವೆ. ಆದರೆ ಅವು ತೆಗೆದುಕೊಂಡದ್ದರಲ್ಲೂ ಮುಗಿಸಿದ್ದರಲ್ಲೂ ಎರಡು ಕಡೆ ಎಣಿಸಲ್ಪಡುವುದರಿಂದ ಪೇಸ್‌ಗೆ ಸಹಾಯವೇ ಆಗುತ್ತದೆ. ಕೆಲವು ಕಾಲೇಜು ಹಳೆಯ ಕೆಟ್ಟ ಗ್ರೇಡುಗಳನ್ನು ‘ಅಕಾಡೆಮಿಕ್ ರಿನ್ಯೂಯಲ್’ ಅಂತ ಹೇಳಿ ಜಿಪಿಎಯಿಂದ ತೆಗೆಯುತ್ತವೆ. ಸ್ಯಾಪ್ ಅದನ್ನು ಒಪ್ಪುವುದಿಲ್ಲ.

ಒಂದು ಸೆಮಿಸ್ಟರ್ ಮನೆಯಲ್ಲಿ ಕೂತರೆ ಹಳೆಯದು ಅಳಿಸಿಹೋಗುತ್ತದೆ ಅನ್ನುವ ನಂಬಿಕೆಯೂ ಇದೆ. ಅಳಿಸುವುದಿಲ್ಲ. ಸ್ವಂತ ಹಣ ಕಟ್ಟಿ ಓದಿದರೂ ಅಷ್ಟೇ. ಹಾಗೆ ಓದಿ ಪೇಸ್ ಮತ್ತು ಜಿಪಿಎ ಮತ್ತೆ ಗೆರೆಯ ಮೇಲೆ ಬಂದರೆ ಮಾತ್ರ ಏಡ್ ವಾಪಸ್.

ಪ್ರಶ್ನೆ: ಮಗ ಆರನೇ ವಾರದಲ್ಲಿ ಯಾರಿಗೂ ಹೇಳದೆ ಎಲ್ಲ ಕೋರ್ಸು ಬಿಟ್ಟ. ಈಗ ಕಾಲೇಜು 1,800 ಡಾಲರ್ ಬಿಲ್ ಕಳಿಸಿದೆ. ಗ್ರ್ಯಾಂಟ್ ಅಂದರೆ ವಾಪಸ್ ಕೊಡಬೇಕಾಗಿಲ್ಲ ಅಂತ ಅಲ್ವಾ? (ನ್ಯೂಜೆರ್ಸಿ)

ಉತ್ತರ: ಪೂರ್ತಿ ಸೆಮಿಸ್ಟರ್ ಓದಿದರೆ ವಾಪಸ್ ಕೊಡಬೇಕಾಗಿಲ್ಲ. ಎಲ್ಲ ಕೋರ್ಸನ್ನೂ ಬಿಟ್ಟು ಹೋದರೆ ಬೇರೆ ಲೆಕ್ಕ ಶುರುವಾಗುತ್ತದೆ. ಸೆಮಿಸ್ಟರಿನ ಶೇಕಡಾ 60 ದಾಟುವವರೆಗೆ, ಎಷ್ಟು ದಿನ ಇದ್ದನೋ ಅಷ್ಟು ಭಾಗದ ಹಣ ಮಾತ್ರ ಅವನದು. 60 ದಾಟಿದ ಮೇಲೆ ಪೂರ್ತಿ ಅವನದು. 15 ವಾರದಲ್ಲಿ 6 ವಾರ ಅಂದರೆ ಶೇಕಡಾ 40. ನಿಮ್ಮ ಮಗನಿಗೆ ಬಂದ ಪೆಲ್ 3,000 ಡಾಲರ್ ಅಂದಿರಿ. ಅದರಲ್ಲಿ 1,200 ಅವನದು, ಉಳಿದ 1,800 ಅವನದಲ್ಲ. ಈ ಹಣವನ್ನು ಕಾಲೇಜು ಸರ್ಕಾರಕ್ಕೆ ಹಿಂದಿರುಗಿಸಿದೆ. ಫೀಸಿನ ಖಾತೆಯಲ್ಲಿ ಅಷ್ಟು ಹಳ್ಳ ಬಿದ್ದಿದೆ. ಅದನ್ನು ತುಂಬಿ ಅನ್ನುತ್ತಿದ್ದಾರೆ.

ಈ ಬಾಕಿಯನ್ನು ಸುಮ್ಮನೆ ಬಿಡಬೇಡಿ. ಬಾಕಿ ಇದ್ದರೆ ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸಲು ಬಿಡದ ಕಾಲೇಜುಗಳಿವೆ. ಬರ್ಸರ್ ಆಫೀಸಿಗೆ, ಅಂದರೆ ಫೀಸು ಕಟ್ಟುವ ಆಫೀಸಿಗೆ ಹೋಗಿ ಕಂತು ಮಾಡಿಕೊಡಿ ಅಂತ ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಅವನು ಯಾಕೆ ಬಿಟ್ಟ ಅನ್ನುವುದನ್ನು ನೀವು ಪತ್ರದಲ್ಲಿ ಬರೆದಿಲ್ಲ. ಬಹುಶಃ ನಿಮಗೂ ಇನ್ನೂ ಗೊತ್ತಿಲ್ಲ. ಬಿಲ್ಲಿನ ಮಾತು ಎತ್ತುವ ಮುಂಚೆ ಅದನ್ನು ಕೇಳಿ.

ಪ್ರಶ್ನೆ: ಎರಡು ಸಲ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಾಯಿಸಿದೆ. ಬಯಾಲಜಿ, ಆಮೇಲೆ ಬಿಸಿನೆಸ್, ಈಗ ಕಂಪ್ಯೂಟರ್ ಸೈನ್ಸ್. ಒಟ್ಟು 142 ಕ್ರೆಡಿಟ್ ತೆಗೆದುಕೊಂಡಿದ್ದೇನೆ. ಡಿಗ್ರಿಗೆ ಇನ್ನೂ 48 ಬೇಕು. ಎಲ್ಲ ಪಾಸ್, ಜಿಪಿಎ 3.1. ಏಡ್ ಮುಗಿಯಿತು ಅನ್ನುತ್ತಾರೆ. (ವಿದ್ಯಾರ್ಥಿ, ವರ್ಜೀನಿಯಾ)

ಉತ್ತರ: ಮೊದಲ ಉತ್ತರದಲ್ಲಿ ಬಿಟ್ಟಿದ್ದ ಒಟ್ಟು ಮಿತಿ ಇದೇ. ಡಿಗ್ರಿಗೆ ಬೇಕಾದ ಕ್ರೆಡಿಟ್‌ನ ಒಂದೂವರೆ ಪಟ್ಟಿನೊಳಗೆ ಮುಗಿಸಬೇಕು. 120 ಕ್ರೆಡಿಟ್‌ನ ಡಿಗ್ರಿಗೆ 180. ನಿಮ್ಮದು 142 ಮತ್ತು 48 ಸೇರಿ 190. 180 ಮುಟ್ಟುವವರೆಗೂ ಕಾಲೇಜು ಕಾಯುವುದಿಲ್ಲ. ಮಿತಿಯೊಳಗೆ ಮುಗಿಸಲು ಸಾಧ್ಯವೇ ಇಲ್ಲ ಅಂತ ಲೆಕ್ಕ ತೋರಿಸಿದ ದಿನವೇ ನಿಲ್ಲಿಸುತ್ತದೆ. 67ರ ಪೇಸ್ ಕೂಡ ಇಲ್ಲಿಂದಲೇ ಬಂದದ್ದು. ಮೂರು ಹೆಜ್ಜೆಯಲ್ಲಿ ಎರಡನ್ನಾದರೂ ಗುರಿಯ ಕಡೆ ಇಟ್ಟರೆ ಒಂದೂವರೆ ಪಟ್ಟಿನೊಳಗೆ ಮುಗಿಯುತ್ತದೆ.

ನಿಮ್ಮ ಕಾಲೇಜಿನ ಸ್ಯಾಪ್ ನಿಯಮ ತೆಗೆದು ಮೇಜರ್ ಬದಲಾವಣೆಯ ಪ್ಯಾರಾ ಹುಡುಕಿ. ಹೊಸ ಮೇಜರ್‌ಗೆ ಉಪಯೋಗವಾಗದ ಹಳೆಯ ಕೋರ್ಸುಗಳನ್ನು ಎಣಿಸದಿರಲು ಕಾಲೇಜಿಗೆ ಅವಕಾಶ ಇದೆ. ಎಲ್ಲ ಕಾಲೇಜೂ ಹಾಗೆ ಮಾಡುವುದಿಲ್ಲ. ಹಾಗೆ ಮಾಡುವುದಾದರೆ ಬಯಾಲಜಿ ಲ್ಯಾಬುಗಳನ್ನು ತೆಗೆದರೇ ನೀವು 180ರ ಒಳಗೆ ಬರುತ್ತೀರಿ ಅನ್ನಿಸುತ್ತದೆ. ಇಲ್ಲವಾದರೆ ಅಪೀಲ್. ಪೆಲ್ ಗ್ರ್ಯಾಂಟಿಗೆ ಇನ್ನೊಂದು ಬೇರೆ ಗೋಡೆಯೂ ಇದೆ. ಜೀವಮಾನದಲ್ಲಿ 12 ಪೂರ್ಣ ಸೆಮಿಸ್ಟರಿನಷ್ಟು ಮಾತ್ರ. ಅದಕ್ಕೆ ಅಪೀಲ್ ಇಲ್ಲ.

ಪ್ರಶ್ನೆ: ‘ಡಿ’ ಬಂದ ಕೋರ್ಸನ್ನು ಮತ್ತೆ ತೆಗೆದುಕೊಂಡರೆ ಏಡ್ ಸಿಗುತ್ತದಾ?

ಉತ್ತರ: ಪಾಸಾದ ಕೋರ್ಸಿಗೆ ಇನ್ನೊಂದು ಸಲ ಮಾತ್ರ. ಫೇಲಾದ ಕೋರ್ಸಿಗೆ ಆ ಮಿತಿ ಇಲ್ಲ. ಆದರೆ ಪ್ರತಿ ಸಲವೂ ತೆಗೆದುಕೊಂಡ ಕ್ರೆಡಿಟ್ ಬೆಳೆಯುತ್ತಾ ಹೋಗುತ್ತದೆ.

ಪ್ರಶ್ನೆ: ಮಗಳ ಸ್ಯಾಪ್ ಸರಿಯಿದೆ ಅಂತ ಕಾಲೇಜು ಹೇಳಿತು. ಆದರೂ ಹೋಪ್ ಸ್ಕಾಲರ್‌ಶಿಪ್ ಹೋಯಿತು. ಜಿಪಿಎ 2.8. (ಜಾರ್ಜಿಯಾ)

ಉತ್ತರ: ಹೋಪ್ ಜಾರ್ಜಿಯಾ ರಾಜ್ಯದ್ದು, ಅದಕ್ಕೆ 3.0 ಬೇಕು. 30, 60, 90 ಕ್ರೆಡಿಟ್ ತೆಗೆದುಕೊಂಡ ಹಂತಗಳಲ್ಲಿ ಲೆಕ್ಕ ನೋಡುತ್ತಾರೆ. ಫೆಡರಲ್ ಏಡ್‌ನ ಗೆರೆ ಬೇರೆ, ರಾಜ್ಯದ ಗೆರೆ ಬೇರೆ, ಕಾಲೇಜಿನ ಸ್ವಂತ ಸ್ಕಾಲರ್‌ಶಿಪ್‌ನ ಗೆರೆ ಇನ್ನೂ ಬೇರೆ. ನ್ಯೂಯಾರ್ಕ್ ರಾಜ್ಯದ ಎಕ್ಸೆಲ್ಸಿಯರ್ ಸ್ಕಾಲರ್‌ಶಿಪ್‌ಗೆ ವರ್ಷಕ್ಕೆ 30 ಕ್ರೆಡಿಟ್ ಮುಗಿಸಬೇಕು. ಮಗಳಿಗೆ ಯಾವ ಯಾವ ಹಣ ಬರುತ್ತಿದೆ ಅಂತ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದರ ಗೆರೆ ಬರೆದಿಡಿ. ಹೋಪ್ ಮತ್ತೆ ಪಡೆಯಲು ಅವಳು ಮುಂದಿನ ಹಂತದಲ್ಲಿ 3.0 ಮುಟ್ಟಬೇಕು.

ಪ್ರಶ್ನೆ: ನಾವು ಎಚ್‌4 ವೀಸಾದಲ್ಲಿದ್ದೇವೆ, ಅಂದರೆ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ. ಮಗನಿಗೆ ಪೆಲ್ ಸಿಗುತ್ತದಾ?

ಉತ್ತರ: ಸಿಗುವುದಿಲ್ಲ. ಪೌರರು, ಗ್ರೀನ್ ಕಾರ್ಡ್ ಇರುವವರು ಮತ್ತು ಕಾಯಿದೆ ಹೆಸರಿಸಿರುವ ಇನ್ನು ಕೆಲವು ವರ್ಗದವರಿಗೆ ಮಾತ್ರ ಫೆಡರಲ್ ನೆರವು. ಕಾಲೇಜಿನ ಸ್ವಂತ ಸ್ಕಾಲರ್‌ಶಿಪ್ ಕೇಳಬಹುದು.

ಪ್ರಶ್ನೆ: ನಾಡಿದ್ದು ಕೋರ್ಸ್ ಬಿಡಲು ಕೊನೆಯ ದಿನ. 4 ಕ್ರೆಡಿಟ್‌ನ ಕ್ಯಾಲ್ಕ್ಯುಲಸ್ ಕೈಹತ್ತುತ್ತಿಲ್ಲ. ಬಿಟ್ಟು ‘ಡಬ್ಲ್ಯೂ’ ತಗೊಳ್ಳಲಾ, ಇದ್ದು ‘ಎಫ್’ ಬಂದರೆ ಬರಲಿ ಅಂತ ಬಿಡಲಾ? ಈವರೆಗೆ 45 ತೆಗೆದುಕೊಂಡು 33 ಮುಗಿಸಿದ್ದೇನೆ. 6 ಕ್ರೆಡಿಟ್ ‘ಎಫ್’, 6 ‘ಡಬ್ಲ್ಯೂ’. ಜಿಪಿಎ 2.1. ಈಗ 13 ಕ್ರೆಡಿಟ್ ಇದೆ. ಉಳಿದ 9ರಲ್ಲಿ ‘ಸಿ’ ಬರುವ ಹಾಗಿದೆ. (ವಿದ್ಯಾರ್ಥಿ, ಒಹಾಯೊ)

ಉತ್ತರ: ನಿಮಗೆ ಅವತ್ತೇ ಇಮೇಲ್ ಮಾಡಿದ್ದೆ. ಬೇರೆಯವರಿಗೂ ಆಗಲಿ ಅಂತ, ನಿಮ್ಮ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ಸಂಖ್ಯೆಗಳನ್ನೆಲ್ಲ ಜೊತೆಗಿಟ್ಟು ಕೇಳಿದಿರಿ, ಅದಕ್ಕೆ ಮೊದಲು ಶಾಭಾಸ್.

ಪೇಸ್ ಎರಡು ದಾರಿಯಲ್ಲೂ ಒಂದೇ. 58ಕ್ಕೆ 42, ಶೇಕಡಾ 72. ಅಲ್ಲಿ ಭಯ ಇಲ್ಲ. ಭಯ ಇರುವುದು ಜಿಪಿಎಯಲ್ಲಿ. ಈಗ 39 ಕ್ರೆಡಿಟ್‌ಗೆ ಗ್ರೇಡ್ ಇದೆ (‘ಡಬ್ಲ್ಯೂ’ ಇದರಲ್ಲಿ ಸೇರುವುದಿಲ್ಲ), 2.1ರಂತೆ ಸುಮಾರು 82 ಪಾಯಿಂಟ್. ಒಂದು ಕ್ರೆಡಿಟ್ಟಿಗೆ ‘ಸಿ’ ಆದರೆ 2 ಪಾಯಿಂಟ್, ‘ಡಿ’ ಆದರೆ 1, ‘ಎಫ್’ ಆದರೆ ಸೊನ್ನೆ. ಉಳಿದ 9ರಲ್ಲಿ ‘ಸಿ’ ಬಂದರೆ 18 ಸೇರಿ 100. ಕ್ಯಾಲ್ಕ್ಯುಲಸ್ ಬಿಟ್ಟರೆ 100ನ್ನು 48ರಿಂದ ಭಾಗಿಸಿ, 2.08. ಇದ್ದು ‘ಎಫ್’ ಬಂದರೆ 52ರಿಂದ ಭಾಗಿಸಬೇಕು, 1.92. ಗೆರೆ 2.0. ಹಾಗಾಗಿ ‘ಎಫ್’ ಖಚಿತ ಅನ್ನುವುದಾದರೆ ಬಿಡಿ. ‘ಡಿ’ ಬರುವ ಹಾಗಿದ್ದರೆ ಲೆಕ್ಕ ತಿರುಗುತ್ತದೆ. ಆಗ 104ನ್ನು 52ರಿಂದ ಭಾಗಿಸಿದರೆ ಸರಿಯಾಗಿ 2.0, ಪೇಸ್ ಕೂಡ 79ಕ್ಕೆ ಏರುತ್ತದೆ. ಆದರೆ ಬೇರೆ ಯಾವುದರಲ್ಲೂ ಒಂದು ಕೂದಲೆಳೆಯೂ ತಪ್ಪುವ ಹಾಗಿಲ್ಲ.

ಬಿಟ್ಟರೆ ನಿಮಗೆ 9 ಕ್ರೆಡಿಟ್ ಉಳಿಯುತ್ತದೆ, 12 ಇರಲೇಬೇಕು ಅನ್ನುವ ಸ್ಕಾಲರ್‌ಶಿಪ್ ಏನಾದರೂ ಇದೆಯಾ ಅಂತ ಏಡ್ ಆಫೀಸಿನಲ್ಲಿ ಕೇಳಿ. ಅದಕ್ಕೂ ಮುಂಚೆ ನಾಳೆ ಬೆಳಿಗ್ಗೆ ಪ್ರೊಫೆಸರ್ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: ‘ಫೈನಲ್‌ನಲ್ಲಿ ಎಷ್ಟು ಬಂದರೆ ನನಗೆ ಡಿ ಬರುತ್ತದೆ?’ ಅವರು ಹೇಳುವ ಸಂಖ್ಯೆ ನಿಮ್ಮ ಈವರೆಗಿನ ಅಂಕಗಳಿಗೆ ಹತ್ತಿರ ಇದ್ದರೆ ಉಳಿಯಿರಿ. ದೂರ ಇದ್ದರೆ, ಗಡುವಿನ ದಿನ ಸಂಜೆಯವರೆಗೆ ಕಾಯದೆ ಮಧ್ಯಾಹ್ನವೇ ಪೋರ್ಟಲಿನಲ್ಲಿ ಬಿಟ್ಟು, ಖಚಿತಪಡಿಸುವ ಇಮೇಲ್ ಬಂತಾ ಅಂತ ನೋಡಿಕೊಳ್ಳಿ.